ದಾಸವಾಳದ ಬೇಲಿಯನ್ನು ಸುಟ್ಟ ಬಗ್ಗೆ

ಮಾನ್ಯ ವಾಚಕರ ಸನ್ನಿಧಿಗೆ,

ಕೆಳಗೆ ಬರೆದಿರುವ ಸಂಗತಿಗಳನ್ನು ಓದುವುದಕ್ಕೆ ಮೊದಲು ನನ್ನ ಅಕ್ಷರವನ್ನು ಮನ್ನಿಸಬೇಕಾಗಿ ಕೋರುತ್ತೇನೆ. ನನ್ನ ಸಾಲುಗಳು ಬಲಕ್ಕೆ ಹೋದಂತೆಲ್ಲ ಕೆಳಗೆ ಇಳಿಯುತ್ತವೆ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕುಳಿತುಕೊಳ್ಳುತ್ತವೆ. ಮಹಾಪ್ರಾಣಗಳ ವಿಷಯದಲ್ಲಿ ನನಗೆ ಎಂದೂ ಧೈರ್ಯವಿರಲಿಲ್ಲ. ಮನೆಯಲ್ಲಿ ತುಳು ಮಾತಾಡಿಕೊಂಡು, ಎಂಟನೆಯ ತರಗತಿಯವರೆಗೆ ಮಾತ್ರ ಶಾಲೆಯಲ್ಲಿ ಕನ್ನಡ ಕಲಿತವಳು ನಾನು. ಅನಂತರ ನಾನು ಬರೆದ ಕನ್ನಡವೆಲ್ಲ, ನನ್ನ ಮಾವನವರು ಬೆಳ್ತಂಗಡಿಯ ತಾಲೂಕು ಕಚೇರಿಗೆ ಕಳುಹಿಸುತ್ತಿದ್ದ ಅರ್ಜಿಗಳ ನಕಲು. ಅವರು ಹೇಳುತ್ತಿದ್ದರು, ನಾನು ಕಡತಕ್ಕಾಗಿ ಇನ್ನೊಂದು ಪ್ರತಿಯನ್ನು ಬರೆದು ಇಡುತ್ತಿದ್ದೆ. ಆದುದರಿಂದ ಈ ಬರಹವು ಅಲ್ಲಲ್ಲಿ ಅರ್ಜಿಯಂತೆ ಕಂಡರೆ ಅದಕ್ಕೆ ಕಾರಣ, ನನಗೆ ಬೇರೆ ಧಾಟಿಯ ಪರಿಚಯವಿಲ್ಲದಿರುವುದು.

ಅಕ್ಷರದ ವಿಷಯದಲ್ಲಿ ಇಷ್ಟು ವಿನಯವನ್ನು ತೋರಿಸಿದ ಮೇಲೆ, ವಿಷಯದಲ್ಲಿ ನಾನು ವಿನಯವನ್ನು ತೋರಿಸುವುದಿಲ್ಲವೆಂಬುದನ್ನೂ ಈಗಲೇ ತಿಳಿಸಿಬಿಡುತ್ತೇನೆ. ನಮ್ಮ ಮನೆಯ ದಾಸವಾಳದ ಬೇಲಿಯನ್ನು ಸುಟ್ಟದ್ದು ನಾನು. ಅದು ಏಕೆಂದು ಕ್ರಮವಾಗಿ ವಿವರಿಸುತ್ತೇನೆ.

ನಮ್ಮ ಮನೆಯು ಅಳದಂಗಡಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಒಂದು ತೋಡಿನ, ಅಂದರೆ ಚಿಕ್ಕ ಹಳ್ಳದ, ಬದಿಯಲ್ಲಿದೆ. ಜೈನರ ಮನೆ. ನಮ್ಮ ಕಡೆಯ ಪದ್ಧತಿಯಂತೆ ಮನೆಯು ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಬರುತ್ತದೆ. ಯಜಮಾನಿಕೆಯನ್ನು ತಾಯಿಯ ಅಣ್ಣತಮ್ಮಂದಿರು ನಡೆಸುತ್ತಾರೆ. ಹೀಗಾಗಿ ಮನೆಯ ಯಜಮಾನರು ನನ್ನ ತಾಯಿಯ ಅಣ್ಣ, ಅಂದರೆ ಮೇಲೆ ಹೇಳಿದ ಮಾವನವರು. ಗುಡ್ಡದ ಬುಡದಲ್ಲಿರುವ ಚಿಕ್ಕ ಬಸದಿಯ ಉಸ್ತುವಾರಿಯೂ ಅವರದೇ ಆಗಿತ್ತು. ನನ್ನ ತಾಯಿ ಆಗಲೇ ತೀರಿಕೊಂಡಿದ್ದರು. ನನ್ನ ಪತಿಯವರು ಪುಂಜಾಲಕಟ್ಟೆಯ ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದು, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು.

ಮನೆಯ ಎದುರಿನಿಂದ ತೋಡಿನವರೆಗೆ ದಾಸವಾಳದ ಬೇಲಿ ಇತ್ತು. ನನ್ನ ಅಜ್ಜಿ ನೆಟ್ಟದ್ದು. ಒಂದೊಂದು ಗಿಡದ ಬುಡವೂ ನನ್ನ ಮೊಣಕೈಯಷ್ಟು ದಪ್ಪ. ಕೆಂಪು ಮತ್ತು ಬಿಳಿಯ ಹೂವುಗಳನ್ನು ಬೆಳಿಗ್ಗೆ ಕೊಯ್ದು ಬಸದಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಬೇಲಿ ಮುಗಿಯುವಲ್ಲಿ ತೋಡು, ತೋಡಿನ ಆಚೆಗೆ ಕಾಡುಪೊದೆಗಳಿರುವ ಕಾಲುದಾರಿ, ಆ ದಾರಿಗೆ ತಾಗಿ ಆಚೆಮನೆಯ ಅಕ್ಕನ ಮಲ್ಲಿಗೆ. ಈ ಅಕ್ಕ ನಮ್ಮ ಸಂಬಂಧಿಯಲ್ಲ, ನಮ್ಮ ಮತದವರೂ ಅಲ್ಲ. ಗಂಡನಿಲ್ಲದ ಹೆಂಗಸು. ಹನ್ನೆರಡು ಮಲ್ಲಿಗೆ ಗಿಡಗಳನ್ನು ಕೈಮಕ್ಕಳಂತೆ ಸಾಕಿ, ದಿನವೂ ಮೊಗ್ಗು ಕಟ್ಟಿ, ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕಳುಹಿಸಿ ಅದರಿಂದಲೇ ಜೀವನ ಮಾಡುತ್ತಿದ್ದರು. ಅವರಿಗೆ ಆ ಹನ್ನೆರಡು ಗಿಡಗಳ ಹೊರತು ಬೇರೆ ಆಧಾರವಿರಲಿಲ್ಲ. ಈ ಬರಹದಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಅಂಶವೆಂದರೆ ಇದೇ.

ನಮ್ಮ ಜಿಲ್ಲೆಯು ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಎರಡು ಮೂರು ವರ್ಷಗಳ ಮೇಲೆ, ನನ್ನ ಮೊದಲ ಹೆರಿಗೆಯ ತರುವಾಯ, ನನ್ನ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿತು. ಮೂಡುಬಿದಿರೆಯಲ್ಲಿದ್ದ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ಮಗುವನ್ನು ನೋಡಲು ಬಂದರು. ಬರುವಾಗ ಬಾಳೆ ಎಲೆಯಲ್ಲಿ ಸುತ್ತಿಕೊಂಡು ಒಂದು ಬಳ್ಳಿಯನ್ನು ತಂದರು. ಎಲೆ ಬಿಡಿಸಿದಾಗ ಎಲ್ಲರೂ ಬಗ್ಗಿ ನೋಡಿದೆವು. ಶಾವಿಗೆಯಂತೆ ನುಣುಪಾದ, ಅರಸಿನ ಬಣ್ಣದ ನೂಲಿನ ಮುದ್ದೆ. ಅದಕ್ಕೆ ಒಂದು ಎಲೆಯೂ ಇರಲಿಲ್ಲ, ಬೇರೂ ಇರಲಿಲ್ಲ.

"ಇದು ಆಕಾಶಬಳ್ಳಿ. ತೆಂಗಿನೆಣ್ಣೆಯಲ್ಲಿ ಕುದಿಸಿ ಹಚ್ಚು, ನಾಲ್ಕು ತಿಂಗಳಲ್ಲಿ ಜಡೆ ಸೊಂಟಕ್ಕೆ ಬರ್ತದೆ," ಎಂದರು ಚಿಕ್ಕಮ್ಮ. "ಅರ್ಧ ಕುದಿಸು, ಅರ್ಧ ಬೇಲಿಗೆ ಬಿಸಾಡು. ನೀರು ಬೇಡ, ಗೊಬ್ಬರ ಬೇಡ, ಅದರಷ್ಟಕ್ಕೇ ಬರ್ತದೆ."

"ನೆಡುವುದು ಬೇಡವಾ?"

"ನೆಡುವುದು ಯಾವ ಭಾಗವನ್ನು, ಮಾರಾಯ್ತಿ? ಬೇರುಂಟಾ ಅದಕ್ಕೆ?"

ಅರ್ಧವನ್ನು ಕುದಿಸಿದೆ. ಉಳಿದರ್ಧವನ್ನು ಬೇಲಿಯ ನಡುವೆ, ಅತಿ ಹೆಚ್ಚು ಹೂ ಬಿಡುತ್ತಿದ್ದ ಗಿಡದ ಮೇಲೆ, ಚೆನ್ನಾಗಿ ಬೆಳೆಯಲೆಂದು ನಾನೇ ಹರಡಿದೆ. ಎಣ್ಣೆಯಿಂದ ನನ್ನ ಕೂದಲು ಬೆಳೆಯಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮಳೆ ಹಿಡಿಯಿತು. ಆಟಿ ತಿಂಗಳ ಮಳೆಯಲ್ಲಿ ನಾವು ಹೆಚ್ಚಾಗಿ ಹೊರಗೆ ಹೋಗುವುದಿಲ್ಲ. ನೆಲದ ಮೇಲೆ ಹರಿದಾಡುವ ಜೀವಗಳನ್ನು ತುಳಿದೇವೆಂಬ ಅಂಜಿಕೆಯೂ ಅದಕ್ಕೆ ಒಂದು ಕಾರಣ. ಆಟಿ ಕಳೆದು ಸೋಣ ತಿಂಗಳಲ್ಲಿ ಬಿಸಿಲು ಬಿದ್ದಾಗ ನೋಡುತ್ತೇನೆ, ಬೇಲಿಯ ನಡುಭಾಗದ ಮೇಲೆ ಯಾರೋ ಬಂಗಾರದ ಬಲೆಯನ್ನು ಹರವಿದಂತಿತ್ತು. ಬಸದಿಗೆ ಹೋಗುವವರು ನಿಂತು ನೋಡಿದರು. ಮಾವನವರಿಗಂತೂ ಅದರ ಮೇಲೆ ಪ್ರೀತಿಯೇ ಹುಟ್ಟಿತು.

"ನೋಡಿ," ಎಂದು ಅವರು ಬಂದವರಿಗೆ ಊರುಗೋಲಿನಿಂದ ತೋರಿಸುತ್ತಿದ್ದರು. "ನೆಲ ಮುಟ್ಟುವುದಿಲ್ಲ. ಜಾಗ ಕೇಳುವುದಿಲ್ಲ. ಒಂದು ಎಲೆಯನ್ನು ಸಹ ತನ್ನದು ಅಂತ ಇಟ್ಟುಕೊಳ್ಳಲಿಲ್ಲ. ಎಲ್ಲವನ್ನೂ ಬಿಟ್ಟ ಮುನಿಗಳ ಹಾಗೆ."

ನನಗೂ ಆ ಮಾತು ಹಿತವಾಯಿತು. ಆದರೆ ಹೂಬುಟ್ಟಿಯು ಬೇರೆಯದನ್ನು ಹೇಳತೊಡಗಿತು. ಬಲೆ ಹರಡಿದ್ದ ಗಿಡಗಳಲ್ಲಿ ಮೊಗ್ಗುಗಳು ಕಡಲೆಯಷ್ಟಾಗಿ ಉದುರಿದವು. ಎಲೆಗಳು ಮೊದಲು ಸಣ್ಣಗಾದವು, ಬಳಿಕ ಬಳ್ಳಿಯದೇ ಬಣ್ಣಕ್ಕೆ ತಿರುಗಿದವು. ಕೊಂಬೆಯ ತುದಿಗಳು ಒಣಗಿ ಮುರಿದವು. ಇಷ್ಟಾದರೂ ಬಳ್ಳಿಯು ಮಾತ್ರ ದಿನದಿನಕ್ಕೆ ಕೊಬ್ಬುತ್ತಿತ್ತು. ನವರಾತ್ರಿಯ ಹೊತ್ತಿಗೆ ಬಸದಿಗೆ ಕಳುಹಿಸಲು ಬೇಲಿಯ ಎರಡು ಕೊನೆಗಳ ಹೂವು ಮಾತ್ರ ಉಳಿಯಿತು. ನಾನು ಮಾವನವರಿಗೆ ತಿಳಿಸಿದೆ.

ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ವಿವರಿಸುವುದು ಅಗತ್ಯ. ಮನೆಯೊಳಗೆ ಚೇಳು, ಜರಿ, ಇರುವೆಯ ಗೂಡು, ಏನು ಕಂಡರೂ ನಾವು ಕೊಲ್ಲುವುದಿಲ್ಲ. ಬಿದಿರಿನ ಚಿಮ್ಮಟದಲ್ಲಿ ಮೆಲ್ಲನೆ ಎತ್ತಿ, ತೆಂಗಿನ ಗೆರಟೆಯಲ್ಲಿಟ್ಟು, ತೋಡು ದಾಟಿ ಆಚೆಯ ಪೊದೆಯಲ್ಲಿ ಬಿಟ್ಟು ಬರುತ್ತೇವೆ. ನಾನು ನಡೆಯಲು ಕಲಿತಂದಿನಿಂದ ಈ ಕೆಲಸವನ್ನು ನೋಡಿದವಳು. ಬಳ್ಳಿಗೂ ಮಾವನವರು ಅದೇ ಕ್ರಮವನ್ನು ಸೂಚಿಸಿದರು.

"ಎಳೆಯಬೇಡ, ಹರಿಯಬೇಡ. ಅದಕ್ಕೂ ಜೀವ ಉಂಟು. ಮೆಲ್ಲ ಬಿಡಿಸಿ ಆಚೆ ಬಿಟ್ಟು ಬಾ."

ಮೂರು ಮಧ್ಯಾಹ್ನ ಕುಳಿತು ಬಿಡಿಸಿದೆ. ಬೆರಳಿಗೆ ಎಣ್ಣೆ ಸವರಿಕೊಂಡು, ಮಗುವಿನ ಜಡೆಯ ಸಿಕ್ಕು ಬಿಡಿಸುವಷ್ಟು ತಾಳ್ಮೆಯಿಂದ ಒಂದೊಂದೇ ಸುತ್ತನ್ನು ಹಿಂದಕ್ಕೆ ತಿರುಗಿಸಿದೆ. ಬಳ್ಳಿ ಅಂಟಿಕೊಂಡಿದ್ದಲ್ಲೆಲ್ಲ ತೊಗಟೆಯ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಗಂಟುಗಳು ಉಳಿಯುತ್ತಿದ್ದವು. ಅವು ಏನೆಂದು ನಾನು ಕೇಳಲಿಲ್ಲ, ಹೇಳುವವರೂ ಇರಲಿಲ್ಲ. ನಾಲ್ಕು ಬುಟ್ಟಿ ಬಳ್ಳಿಯಾಯಿತು. ಒಂದು ಎಳೆಯೂ ನೆಲಕ್ಕೆ ಬೀಳದಂತೆ ಹೊತ್ತುಕೊಂಡು, ತೋಡು ದಾಟಿ, ಕಾಲುದಾರಿಯ ಪೊದೆಗಳ ಮೇಲೆ ಬಿಸಿಲು ಬೀಳುವಂತೆ ಹರವಿ ಬಂದೆ. ಆ ಸಂಜೆ ನನಗೆ ಆದ ಸಮಾಧಾನ ಇಂದಿಗೂ ನೆನಪಿದೆ. ಇದಕ್ಕಿಂತ ದೊಡ್ಡ ತಪ್ಪನ್ನು ನಾನು ನನ್ನ ಜೀವಮಾನದಲ್ಲಿ ಮಾಡಿಲ್ಲ.

ದೀಪಾವಳಿ ಕಳೆದು ಕೆಲವು ವಾರಗಳಾಗಿರಬೇಕು. ಬೆಳಿಗ್ಗೆ ನಾನು ಜಗಲಿಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಮಾವನವರು ಪಕ್ಕದಲ್ಲಿ ಕುಳಿತಿದ್ದರು. ಆಚೆಮನೆಯ ಅಕ್ಕ ಕೈಯಲ್ಲಿ ಒಂದು ಮಲ್ಲಿಗೆಯ ಕೊಂಬೆ ಹಿಡಿದು ಅಂಗಳಕ್ಕೆ ಬಂದರು. ಕೊಂಬೆಯ ತುಂಬ ಹಳದಿ ನೂಲು. ಅವರು ಅದನ್ನು ಮೆಟ್ಟಿಲ ಮೇಲೆ ಇಟ್ಟರು.

"ಇದು ನಿಮ್ಮ ಮನೆಯ ಮುನಿಯಾ, ಹೇಗೆ?"

ಮಾವನವರು ಊರುಗೋಲಿನ ತುದಿಯಿಂದ ಕೊಂಬೆಯನ್ನು ಹೊರಳಿಸಿ ನೋಡಿದರು.

"ನಿಮ್ಮ ಮುನಿಗಳು ದಿನಕ್ಕೆ ಒಂದು ಹೊತ್ತು ಉಣ್ಣುವುದಲ್ವಾ? ನಿಂತುಕೊಂಡು, ಅಂಗೈಯಲ್ಲಿ? ಇದು ನನ್ನ ಮಲ್ಲಿಗೆಯ ಮೇಲೆ ಮಲಗಿಕೊಂಡು ಹಗಲೂ ರಾತ್ರಿಯೂ ಉಣ್ತಾ ಉಂಟು."

"ಕಾಡಿನ ಬಳ್ಳಿ. ಗಾಳಿಗೆ ಬಂದಿರಬೇಕು," ಎಂದರು ಮಾವನವರು.

"ಗಾಳಿಗೆ ಬುಟ್ಟಿ ಉಂಟಾ? ಇವಳು ನಾಲ್ಕು ಬುಟ್ಟಿ ತಂದು ಹರವಿದ್ದು ನಾನು ನೋಡಲಿಲ್ಲ ಅಂತ ಎಣಿಸಿದಿರಾ? ಏನೋ ಪೂಜೆಗೆ ಮಾಡ್ತಾಳೆ ಅಂತ ಸುಮ್ಮನಿದ್ದೆ." ಬಳಿಕ ನನ್ನ ಕಡೆಗೆ ತಿರುಗಿದರು. "ಏಳು ಗಿಡಕ್ಕೆ ಹತ್ತಿದೆ. ನನಗೆ ಬೈಯಲಿಕ್ಕೆ ಗೊತ್ತಿಲ್ಲ ಅಂತಲ್ಲ. ಬೈದರೆ ಮೊಗ್ಗು ಬಿಡ್ತದಾ ಹೇಳು."

ಅವರು ಹೋದ ಮೇಲೆ ನಾನು ನಮ್ಮ ಬೇಲಿಯ ಹತ್ತಿರ ಹೋಗಿ ನೋಡಿದೆ. ಅಷ್ಟು ಜಾಗ್ರತೆಯಿಂದ ಬಿಡಿಸಿದ್ದ ಕೊಂಬೆಗಳ ಮೇಲೆ, ಉಳಿದಿದ್ದ ಆ ಗಂಟುಗಳಿಂದಲೇ, ಹೊಸ ನೂಲುಗಳು ಹೊರಟಿದ್ದವು. ಮೊದಲಿಗಿಂತ ಹೆಚ್ಚು.

ಬಂಟ್ವಾಳದಲ್ಲಿ ಬೇಸಾಯದ ಬಗ್ಗೆ ಸಲಹೆ ಕೊಡುವ ಸರಕಾರದ ಅಧಿಕಾರಿಯೊಬ್ಬರಿರುವರೆಂದು ಪತಿಯವರು ಹೇಳಿದ್ದರು. ಮಗುವನ್ನು ಅವರಿಗೆ ಒಪ್ಪಿಸಿ, ಅವರ ಶಾಲೆಗೆ ರಜೆಯಿದ್ದ ಒಂದು ಶನಿವಾರ ನಾನು ಆಚೆಮನೆಯ ಅಕ್ಕನ ಜತೆಗೆ ಹೊರಟೆ. ದಾಸವಾಳ ಮತ್ತು ಮಲ್ಲಿಗೆಯ ಒಂದೊಂದು ಕೊಂಬೆಯನ್ನು ಬಳ್ಳಿಯ ಸಮೇತ ತಗಡಿನ ಡಬ್ಬಿಯಲ್ಲಿಟ್ಟುಕೊಂಡಿದ್ದೆವು. ಬಸ್ಸಿನಲ್ಲಿ ಅಕ್ಕ ಆ ಡಬ್ಬಿಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದುದನ್ನು ಕಂಡು ಕಂಡಕ್ಟರನಿಗೆ ಸಂಶಯ ಬಂತು.

"ಎಂತ ಅಮ್ಮಾ ಡಬ್ಬಿಯಲ್ಲಿ? ಹಾವು ಅಲ್ಲ ತಾನೇ?"

"ಹಾವಾದರೆ ಒಳ್ಳೆದಿತ್ತು. ಹೊಡೆಯಬಹುದಿತ್ತು," ಎಂದರು ಅಕ್ಕ. ಬಳಿಕ ಗದ್ದವನ್ನು ನನ್ನತ್ತ ಚಾಚಿ, "ಅಲ್ಲ, ಇವರ ಮನೆಯಲ್ಲಿ ಅದಕ್ಕೂ ಒಪ್ಪುವುದಿಲ್ಲ," ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಅಕ್ಕ ನನ್ನೊಡನೆ ಮಾತು ಬಿಟ್ಟಿಲ್ಲವಲ್ಲ ಎಂದು ನೆಮ್ಮದಿಯಾಯಿತು.

ಅಧಿಕಾರಿಯವರು ಘಟ್ಟದ ಮೇಲಿನವರು. ಅವರ ಕನ್ನಡ ನಮಗೂ, ನಮ್ಮ ಕನ್ನಡ ಅವರಿಗೂ ಸ್ವಲ್ಪ ವಿಚಿತ್ರವೆನಿಸಿತು. ಡಬ್ಬಿ ತೆರೆದೊಡನೆ ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಇದನ್ನ ಬಸ್ಸಲ್ಲಿ ತಂದ್ರಾ? ಎಲ್ಲೂ ಚೆಲ್ಲಿಲ್ಲ ತಾನೆ?"

ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಬಳ್ಳಿಯನ್ನು ಸ್ವಲ್ಪ ಎತ್ತಿ ತೋರಿಸಿದರು. ನಾನು ಗಂಟುಗಳೆಂದು ತಿಳಿದಿದ್ದವು ಹಲ್ಲುಗಳಾಗಿದ್ದವು. ಒಂದೊಂದೂ ತೊಗಟೆಯನ್ನು ಸೀಳಿಕೊಂಡು ಒಳಗಿಳಿದಿತ್ತು.

"ಬೀಜದಿಂದ ಹುಟ್ಟುವಾಗ ಇದಕ್ಕೂ ಬೇರು ಇರುತ್ತೆ, ತಾಯಿ. ಒಂದು ಗಿಡ ಸಿಕ್ಕಿದ ತಕ್ಷಣ ಆ ಬೇರು ಒಣಗಿಹೋಗುತ್ತೆ. ಆಮೇಲೆ ಗಿಡದ ನೀರೇ ಇದರ ನೀರು, ಗಿಡದ ಊಟವೇ ಇದರ ಊಟ. ಬಿಡಿಸಿದರೆ ಹಲ್ಲು ಒಳಗೇ ಉಳಿಯುತ್ತೆ, ಮತ್ತೆ ಚಿಗುರುತ್ತೆ. ಬೆರಳುದ್ದದ ಚೂರು ಇನ್ನೊಂದು ಗಿಡದ ಮೇಲೆ ಬಿದ್ದರೂ ಸಾಕು."

"ಔಷಧಿ?" ಎಂದು ಕೇಳಿದೆ.

"ಬಳ್ಳಿಯನ್ನು ಕೊಂದು ಗಿಡ ಉಳಿಸೋ ಔಷಧಿ ನನ್ನ ಹತ್ತಿರ ಇಲ್ಲ."

ನನ್ನ ವಿನಂತಿಯ ಮೇರೆಗೆ ಅದನ್ನು ಅವರು ಕಾಗದದಲ್ಲಿ ಬರೆದುಕೊಟ್ಟರು: "ಸದರಿ ಬಳ್ಳಿಯನ್ನು, ಬೀಜ ಕಟ್ಟುವ ಮೊದಲು, ಅದು ಹಿಡಿದಿರುವ ಗಿಡದ ಸಮೇತ ಕಡಿದು ಸುಡತಕ್ಕದ್ದು." ಅಷ್ಟು ವರ್ಷ ಸರಕಾರದ ಭಾಷೆಯನ್ನು ನಕಲು ಮಾಡಿದವಳಿಗೆ, ತನ್ನ ಹೆಸರಿಗೇ ಬಂದ ಮೊದಲ ಸರಕಾರಿ ಆದೇಶ ಅದು.

ಮರುದಿನ ಬೆಳಿಗ್ಗೆ ಅಕ್ಕ ತಮ್ಮ ಏಳು ಮಲ್ಲಿಗೆ ಗಿಡಗಳನ್ನು ಬುಡಕ್ಕೆ ಕಡಿದರು. ನಾನು ಸಹಾಯಕ್ಕೆ ಹೋದೆ. ಕತ್ತಿಯನ್ನು ನನಗೆ ಕೊಡಲಿಲ್ಲ. ಕಡಿದ ಗಿಡಗಳನ್ನೂ, ಕಾಲುದಾರಿಯ ಪೊದೆಗಳನ್ನೂ ರಾಶಿ ಹಾಕಿ ಸುಟ್ಟರು. ಉಳಿದ ಐದು ಗಿಡಗಳ ಪ್ರತಿಯೊಂದು ಕೊಂಬೆಯನ್ನೂ ಎತ್ತಿ ಎತ್ತಿ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ತೋಡಿನ ಈಚೆಗೆ ನಮ್ಮ ಬೇಲಿಯನ್ನು ನೋಡಿದರು. ಬಿಸಿಲಿಗೆ ಅದು ಹೊಳೆಯುತ್ತಿತ್ತು.

"ನನ್ನದು ಆಯಿತು. ಅದು ಇರುವ ತನಕ ಈ ಐದೂ ಇಲ್ಲ ಅಂತಲೇ ಲೆಕ್ಕ," ಎಂದರು. "ಒಂದು ಕಾಗೆ ಸಾಕು, ಗೂಡಿಗೆ ಅಂತ ಒಂದು ಎಳೆ ಕೊಂಡುಹೋಗಲಿಕ್ಕೆ."

ನಾನು ಅಂದೇ ಅಧಿಕಾರಿಯವರ ಕಾಗದವನ್ನು ಮಾವನವರ ಮುಂದಿಟ್ಟೆ. ಅವರು ಕನ್ನಡಕವನ್ನು ಹಾಕಿಕೊಂಡು ಎರಡು ಬಾರಿ ಓದಿ, ಮಡಚಿ ನನಗೇ ಹಿಂದಿರುಗಿಸಿದರು. ಅವರು ಕೆಟ್ಟವರೆಂದು ಯಾರೂ ಭಾವಿಸಬಾರದು. ಅವರು ಕುಡಿಯುವ ನೀರನ್ನು ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಜೀವ ಸಾಯಬಾರದೆಂದು ಆ ಬಟ್ಟೆಯನ್ನು ತಿರುಗಿ ಬಾವಿಯ ನೀರಿನಲ್ಲೇ ಅದ್ದಿ ತೊಳೆಯುತ್ತಿದ್ದವರು.

"ಬೇಲಿ ಕಡಿದು ಬೆಂಕಿ ಕೊಡುವುದಾ? ಅದರಲ್ಲಿ ಎಷ್ಟು ಜೀವ ಉಂಟು, ನಿನಗೆ ಗೊತ್ತುಂಟಾ?"

"ಇರುವಷ್ಟೂ ಜೀವ ಸಾಯ್ತಾ ಉಂಟು ಮಾವ, ಈಗಲೇ."

"ಅದು ಬಳ್ಳಿಯ ಕರ್ಮ. ಬಳ್ಳಿಯೂ ಏಕೇಂದ್ರಿಯ ಜೀವ, ದಾಸವಾಳವೂ ಏಕೇಂದ್ರಿಯ ಜೀವ. ಒಂದಕ್ಕಾಗಿ ಇನ್ನೊಂದನ್ನು ಕೊಲ್ಲಲಿಕ್ಕೆ ನಾವು ಯಾರು? ನಮಗೆ ಪಕ್ಷ ಇಲ್ಲ."

"ನಾವು ಪಕ್ಷ ಇಲ್ಲ ಅಂತ ಕೂತರೆ ಬಳ್ಳಿಯ ಪಕ್ಷ ಸೇರಿದ ಹಾಗೆಯೇ. ತಂದು ಹರವಿದ ಕೈ ನನ್ನದು. ಅಕ್ಕನ ಏಳು ಗಿಡ ಹೋಯಿತು."

"ಆದದ್ದು ಆಯಿತು. ಬೇಕಾದರೆ ಇನ್ನೊಮ್ಮೆ ಬಿಡಿಸು. ಈ ಸಲ ದೂರ ಕೊಂಡುಹೋಗುವ, ಗುಡ್ಡದ ಆಚೆ."

"ಗುಡ್ಡದ ಆಚೆ ಯಾರ ಗಿಡ ಉಂಟು ಮಾವ?"

ಅವರು ಎದ್ದು ನಿಂತರು. "ಈ ಬೇಲಿ ನನ್ನ ಅಮ್ಮ ನೆಟ್ಟದ್ದು. ಬಸದಿಯ ಹೂವಿನ ಗಿಡ. ನಾನು ಇರುವ ತನಕ ಈ ಮನೆಯಲ್ಲಿ ಬೆಂಕಿ ಒಲೆಯಲ್ಲಿ ಮಾತ್ರ."

ಯಜಮಾನರು ಹಾಗೆ ಹೇಳಿದ ಮೇಲೆ ಮಾತು ಮುಗಿಯಬೇಕು. ಅದು ನಮ್ಮ ಪದ್ಧತಿ. ನನ್ನ ತಾಯಿ ಇದ್ದಿದ್ದರೆ ಅವರೂ ಸುಮ್ಮನಾಗುತ್ತಿದ್ದರು. ಪತಿಯವರಿಗೆ ಈ ಮನೆಯಲ್ಲಿ ಮಾತಾಡುವ ಹಕ್ಕಿರಲಿಲ್ಲ. ನಾನು ಒಂದು ವಾರ ಸುಮ್ಮನಿದ್ದೆ. ಆ ವಾರದಲ್ಲಿ ಬಳ್ಳಿಯ ಮೇಲೆ ಅಕ್ಕಿಕಾಳಿನಷ್ಟು ಬಿಳಿಯ ಹೂವುಗಳು ಗೊಂಚಲು ಗೊಂಚಲಾಗಿ ಬಿಟ್ಟವು. ಬೀಜ ಕಟ್ಟಲು ಇನ್ನು ಹೆಚ್ಚು ದಿನ ಬೇಕಾಗಿರಲಿಲ್ಲ.

ಮಾವನವರು ಊರಲ್ಲಿಲ್ಲದ ದಿನ ನೋಡಿ ಮಾಡಬಹುದಿತ್ತು. ಬೆಳ್ತಂಗಡಿಯಲ್ಲಿ ಅವರಿಗೆ ಕಚೇರಿಯ ಕೆಲಸ ಇದ್ದೇ ಇತ್ತು. ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಕದ್ದು ಮಾಡಿದ್ದರೆ, ಅದು ಮಾಡಬಾರದ ಕೆಲಸವೆಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು.

ಒಂದು ಬೆಳಿಗ್ಗೆ ಅವರು ಜಗಲಿಯಲ್ಲಿ ಕುಳಿತಿರುವಾಗಲೇ, "ಮಾವ, ನಾನು ಇವತ್ತು ಬೇಲಿಯ ಕೆಲಸ ಸುರು ಮಾಡ್ತೇನೆ," ಎಂದು ಹೇಳಿ ಅಂಗಳಕ್ಕೆ ಇಳಿದೆ. ಅವರು, "ನಾನು ಒಪ್ಪಲಿಲ್ಲ," ಎಂದರು. "ಹೌದು, ನೀವು ಒಪ್ಪಲಿಲ್ಲ," ಎಂದೆ ನಾನು.

ಮೊದಲ ಎರಡು ದಿನ ಕತ್ತಿಯನ್ನು ಮುಟ್ಟಲಿಲ್ಲ. ಪ್ರತಿ ಗಿಡದ ಕೆಳಗೂ ಹಳೆಯ ಬಿಳಿ ಪಂಚೆಯನ್ನು ಹಾಸಿ, ಕೊಂಬೆಗಳನ್ನು ಒಂದೊಂದಾಗಿ ಅಲುಗಾಡಿಸಿದೆ. ಜೇಡಗಳು, ಕಂಬಳಿಹುಳುಗಳು, ಕೆಂಪಿರುವೆಗಳು, ಹಸಿರು ಮಿಡತೆಗಳು ಉದುರಿದವು. ಅವುಗಳ ಮೈಗೆ ನೂಲಿನ ಚೂರು ಅಂಟಿಲ್ಲವೆಂದು ನೋಡಿ ನೋಡಿ, ಗೆರಟೆಯಲ್ಲಿ ಕೊಂಡೊಯ್ದು, ಮನೆಯ ಹಿಂಬದಿಯ ಕಲ್ಲಿನ ಕಟ್ಟೆಯ ಮೇಲೆ ಬಿಟ್ಟೆ. ಒಂದು ಗುಬ್ಬಿಯ ಗೂಡು ಸಿಕ್ಕಿತು, ಅದೃಷ್ಟವಶಾತ್ ಬರಿದಾಗಿತ್ತು. ಕೆಂಪಿರುವೆಗಳು ಕಚ್ಚಿ ನನ್ನ ಎರಡೂ ಕೈಗಳು ಮೊಣಕೈಯವರೆಗೆ ಬಾತುಕೊಂಡವು. ಎಲ್ಲ ಜೀವಗಳೂ ಉಳಿದವೆಂದು ನಾನು ಹೇಳುವುದಿಲ್ಲ. ನನ್ನ ಕಣ್ಣಿಗೆ ಬಿದ್ದವು ಉಳಿದವು.

ಮೂರನೆಯ ದಿನ ಕಡಿಯಲು ಆಳುಗಳನ್ನು ಕರೆದೆ. ಅವರು ಮಾವನವರ ಮುಖ ನೋಡಿ, ಹಲ್ಲುನೋವು, ಸೊಂಟನೋವು ಎಂದು ಹೇಳಿ ಹೊರಟುಹೋದರು. ನಾನೊಬ್ಬಳೇ ಎರಡು ಗಿಡ ಕಡಿಯುವಷ್ಟರಲ್ಲಿ ಅಂಗೈ ಸುಲಿಯಿತು. ಆಗ ತೋಡಿನ ಕಡೆಯಿಂದ ಆಚೆಮನೆಯ ಅಕ್ಕ ಕತ್ತಿ ಹಿಡಿದುಕೊಂಡು ಬಂದರು.

"ಅತ್ತ ಸರಿ. ನೀನು ಕಡಿಯುವುದು ನೋಡಿದರೆ ಮರಕ್ಕೇ ನಗು ಬರ್ತದೆ," ಎಂದವರು, ಜಗಲಿಯತ್ತ ತಿರುಗಿ ಗಟ್ಟಿಯಾಗಿ ಹೇಳಿದರು: "ಧನಿಗಳೇ, ನಿಮ್ಮ ಬೇಲಿಗೆ ಕತ್ತಿ ಹಾಕ್ತೇನೆ. ಪಾಪ ಇದ್ದರೆ ನನ್ನ ಲೆಕ್ಕಕ್ಕೆ ಇರಲಿ. ನಮ್ಮ ದೇವರು ಇಂಥದ್ದಕ್ಕೆಲ್ಲ ತಲೆ ಕೆಡಿಸುವುದಿಲ್ಲ."

"ನನ್ನ ಪಾಪ ನಿಮಗೆ ಯಾಕೆ?" ಎಂದೆ ನಾನು.

"ಹಾಗಾದರೆ ಅರ್ಧರ್ಧ ಮಾಡುವ. ಆ ಕೊಂಬೆ ಹಿಡಿ, ಬಾಯಿ ಮುಚ್ಚು."

ಮಧ್ಯಾಹ್ನದ ಹೊತ್ತಿಗೆ ಬೇಲಿಯ ನಡುಭಾಗವೆಲ್ಲ ಮಲಗಿತ್ತು. ಬಳ್ಳಿ ಹತ್ತದಿದ್ದ ಎರಡು ಕೊನೆಗಳನ್ನಾದರೂ ಬಿಡೋಣವೆಂದು ಅಕ್ಕ ಹೇಳಿದರು. ನಾನು ಬಗ್ಗಿ ನೋಡಿದೆ; ಒಳಗಿನ ಒಂದು ಕೊಂಬೆಯಲ್ಲಿ, ಹೊರಗೆ ಕಾಣದಂತೆ, ಬೆರಳುದ್ದದ ಹಳದಿ ಎಳೆ ಒಂದು ಸುತ್ತು ಹಾಕಿ ಕುಳಿತಿತ್ತು. ಆ ಕೊನೆಗಳನ್ನೂ ಕಡಿದೆವು. ಎಲ್ಲವನ್ನೂ ಮುರಕಲ್ಲಿನ ಬೋಳು ಪಾರೆಯ ಮೇಲೆ, ಹುಲ್ಲಿಲ್ಲದ ಬಂಡೆಯಲ್ಲಿ ರಾಶಿ ಹಾಕಿದೆವು. ಬೆಂಕಿಯನ್ನು ನಾನೇ ಕೊಟ್ಟೆ.

ಒಣಗಿದ ಕೊಂಬೆಗಳು ತಕ್ಷಣ ಹತ್ತಿದವು. ಬಳ್ಳಿ ಬೇಗ ಹತ್ತಲಿಲ್ಲ. ಅದರ ತುಂಬ ನೀರಿತ್ತು. ಬೆಂಕಿಯ ನಡುವೆ ಅದು ಚುಂಯ್ ಎಂದು ಕುದಿಯುತ್ತ, ನೊರೆ ಉಗುಳುತ್ತ ಬಹಳ ಹೊತ್ತು ಇತ್ತು. ಆ ನೀರು ದಾಸವಾಳದ್ದು. ನನ್ನ ಅಜ್ಜಿಯ ಗಿಡಗಳು ನೆಲದಿಂದ ಎತ್ತಿದ ನೀರನ್ನು ಕುಡಿದೇ ಅದು ಹೊಳೆದದ್ದು, ಕೊಬ್ಬಿದ್ದು, ನೋಡಿದವರಿಂದ ಮುನಿಯೆನಿಸಿಕೊಂಡದ್ದು. ನನಗೆ ಅಳು ಬಂದದ್ದು ನಿಜ. ಆದರೆ ಕೈ ಕಟ್ಟಿಕೊಂಡು ನಿಲ್ಲಲಿಲ್ಲ. ಹೊರಗೆ ಜಾರಿದ ಎಳೆಗಳನ್ನೆಲ್ಲ ಕೋಲಿನಿಂದ ಒಳಕ್ಕೆ ತಳ್ಳಿದೆ.

ಮಾವನವರು ಆ ದಿನ ಊಟ ಮಾಡಲಿಲ್ಲ. ಮರುದಿನ ಬಸದಿಯಲ್ಲಿ ಪೂಜೆಯ ಹೊತ್ತಿಗೆ ಹತ್ತಾರು ಮನೆಯವರು ಸೇರಿದ್ದರು. ಬಸದಿಯ ಪೂಜೆ ಮಾಡುವ ಇಂದ್ರರು, ಹೂವು ಯಾಕಿಲ್ಲವೆಂದು ಕೇಳಿದರು. ಹೊಗೆಯನ್ನು ಊರೆಲ್ಲ ನೋಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾವನವರು, "ದಾರಿಯಲ್ಲಿ ಹೋಗುವವನು ಯಾರೋ ಬೀಡಿ ಬಿಸಾಡಿದ. ಬೇಲಿಗೆ ಹತ್ತಿಕೊಂಡಿತು," ಎಂದರು.

ಅವರು ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅದು ನನ್ನನ್ನು ಉಳಿಸಲು ಆಡಿದ ಸುಳ್ಳು ಎಂಬುದು ನನಗೆ ತಿಳಿಯಿತು. ಮನೆಯ ಮರ್ಯಾದೆಯನ್ನು ಉಳಿಸಲು ಸಹ. ನಾನು ತಲೆ ತಗ್ಗಿಸಿ ನಿಂತಿದ್ದರೆ ಸಾಕಿತ್ತು, ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೀಡಿಯಿಂದ ಸುಟ್ಟ ಬೇಲಿಯನ್ನು ನೋಡಿದವರು ಬಳ್ಳಿಯ ಬಗ್ಗೆ ಏನು ಕಲಿಯುವರು? ನಾಳೆ ಇನ್ನೊಂದು ಮನೆಯವರು ಅದೇ ಬಳ್ಳಿಯನ್ನು ಮೆಲ್ಲನೆ ಬಿಡಿಸಿ, ಬುಟ್ಟಿಯಲ್ಲಿಟ್ಟು, ಮತ್ತೊಬ್ಬರ ಮಲ್ಲಿಗೆಯ ಬದಿಗೆ ಹರವಿ ಬರುವರು.

"ಬೀಡಿ ಅಲ್ಲ," ಎಂದೆ. "ಮಾವ ಒಪ್ಪಲಿಲ್ಲ. ನಾನೇ ಕಡಿದು ನಾನೇ ಸುಟ್ಟದ್ದು. ನಿಮ್ಮ ಬೇಲಿಯಲ್ಲಿ ಆ ಹಳದಿ ನೂಲು ಕಂಡರೆ ಬಿಡಿಸಲಿಕ್ಕೆ ಹೋಗಬೇಡಿ. ಗಿಡದೊಟ್ಟಿಗೆ ಸುಡಿ."

ಹಿಂದಿನ ಸಾಲಿನಿಂದ ಒಬ್ಬಾಕೆ, "ಹೆಣ್ಣಿನ ಬಾಯಿ ನೋಡು!" ಎಂದರು. ಇಂದ್ರರು ಮೃದುವಾಗಿಯೇ, "ಪ್ರಾಯಶ್ಚಿತ್ತಕ್ಕೆ ಮೂರು ದಿನ ಉಪವಾಸ ಮಾಡು ಮಗಾ. ಬೆಂಕಿಯಿಂದ ಆದ ಹಿಂಸೆಗೆ," ಎಂದರು.

"ಉಪವಾಸ ಮಾಡ್ತೇನೆ," ಎಂದೆ. "ಬೆಂಕಿಗೆ ಅಲ್ಲ. ನಾಲ್ಕು ಬುಟ್ಟಿ ಹೊತ್ತುಕೊಂಡು ಹೋಗಿ ಇನ್ನೊಬ್ಬರ ಬದುಕಿನ ಮೇಲೆ ಹರವಿ ಬಂದೆನಲ್ಲ, ಅದಕ್ಕೆ."

"ಬೆಂಕಿಗೆ?"

"ಬೆಂಕಿಗೆ ಮಾಡುವುದಿಲ್ಲ."

ನಾಲ್ಕು ದಿನ ಉಪವಾಸ ಮಾಡಿದೆ, ಬುಟ್ಟಿಗೆ ಒಂದರಂತೆ. ಮೊಲೆಯುಣ್ಣುವ ಮಗುವಿದ್ದುದರಿಂದ ದಿನ ಬಿಟ್ಟು ದಿನ ಮಾಡಿದೆ. ಅದಾದ ಮೇಲೆ ಒಂದು ವರ್ಷದವರೆಗೆ ಬಸದಿಗೆ ಹೂವನ್ನು ಮುಟ್ಟಿಸುವ ಕೆಲಸವನ್ನು ನನ್ನಿಂದ ತೆಗೆದು ಬೇರೆ ಮನೆಯವರಿಗೆ ವಹಿಸಲಾಯಿತು. ಮಾವನವರು ತಮ್ಮ ಅರ್ಜಿಗಳನ್ನು ತಾವೇ ಬರೆದುಕೊಳ್ಳತೊಡಗಿದರು. ನಕಲು ಮಾಡಲು ಸಹ ನನ್ನನ್ನು ಕರೆಯಲಿಲ್ಲ. ಅರುವತ್ತರ ದಶಕದ ನಡುವೆ ಅವರು ತೀರಿಕೊಳ್ಳುವವರೆಗೂ ಬೇಲಿಯ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಅದರ ಬಗ್ಗೆ ನನಗೆ ದುಃಖವಿದೆ. ಪಶ್ಚಾತ್ತಾಪವಿಲ್ಲ.

ಆಚೆಮನೆಯ ಅಕ್ಕನ ಐದು ಗಿಡಗಳು ಉಳಿದವು. ಆ ಬೇಸಗೆಯಲ್ಲಿ ಅವು ಬಿಟ್ಟ ಮೊಗ್ಗಿನಿಂದ ಅವರಿಗೆ ಅರೆಹೊಟ್ಟೆಯೇ ಆಯಿತು. ಮುಂದಿನ ಮಳೆಗಾಲದಲ್ಲಿ ಅವುಗಳಿಂದಲೇ ಕೊಂಬೆಯ ತುಂಡು ಕಡಿದು ನೆಟ್ಟು ಇಬ್ಬರೂ ಸೇರಿ ಹೊಸ ಗಿಡಗಳನ್ನು ಎಬ್ಬಿಸಿದೆವು. ನನ್ನ ಪಾಲಿನ ಗುಂಡಿಗಳು ಆಳವಾಗಿಲ್ಲವೆಂದು ಅವರು ಬೈದರು. ಕಾಲುದಾರಿಯ ಪೊದೆಗಳಲ್ಲಿ ಮುಂದಿನ ಎರಡು ವರ್ಷಗಳೂ ಹಳದಿ ಎಳೆ ಕಾಣಿಸಿತು. ಸೋಣ ತಿಂಗಳು ಬಂದೊಡನೆ ನಾನು ಕತ್ತಿ ಮತ್ತು ಬೆಂಕಿಪೊಟ್ಟಣ ಹಿಡಿದು ಅಳದಂಗಡಿಯ ದಾರಿಯವರೆಗೆ ಪೊದೆ ಪೊದೆಯನ್ನೂ ಬಗ್ಗಿ ನೋಡುತ್ತ ಹೋಗುತ್ತಿದ್ದೆ. "ಬೆಂಕಿಯ ಅಮ್ಮ ಬಂದರು," ಎಂದು ಜನ ನಕ್ಕರು. ನಗಲಿ. ಎರಡನೆಯ ವರ್ಷ ಹಾಗೆ ನಕ್ಕ ಮನೆಯವರೇ ತಮ್ಮ ಗದ್ದೆಯ ಬದುವಿಗೆ ನನ್ನನ್ನು ಕರೆದು, "ಇದು ಅದೇಯಾ, ನೋಡಿ ಹೇಳಿ," ಎಂದರು. ಅದೇ ಆಗಿತ್ತು. ಸುಟ್ಟೆವು.

ಮೂಡುಬಿದಿರೆಯ ಚಿಕ್ಕಮ್ಮ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ನಾನು ಎಣ್ಣೆಯನ್ನು ಸರಿಯಾಗಿ ಕುದಿಸದಿದ್ದುದೇ ಎಲ್ಲಕ್ಕೂ ಕಾರಣವೆಂದು ಅವರ ಅಭಿಪ್ರಾಯವಾಗಿತ್ತು.

ಮೇಲ್ಕಂಡ ವಿವರಗಳನ್ನು ನನ್ನ ನೆನಪಿನಿಂದ ಮಾತ್ರ ಬರೆದಿರುತ್ತೇನೆ. ಕಾಗುಣಿತ, ಪದಪ್ರಯೋಗ, ಅಥವಾ ಆ ಬಳ್ಳಿಯ ಗುಣಲಕ್ಷಣಗಳ ಬಗ್ಗೆ ಎಲ್ಲಿಯಾದರೂ ನಾನು ತಪ್ಪಿದ್ದಲ್ಲಿ, ಬಲ್ಲವರು ಕೆಂಪು ಶಾಯಿಯಿಂದಲೇ ಗುರುತು ಹಾಕಿ ತಿದ್ದಿಕೊಡಬೇಕಾಗಿ, ನಾಚಿಕೆಯಿಲ್ಲದೆ ಕೇಳಿಕೊಳ್ಳುತ್ತೇನೆ.